ಹಿಂದಿನ ಬಸಿರಲ್ಲಿ ಬಿಪಿ ಏರಿತ್ತು, ಈ ಸಲ ಎನ್‌ಕೆ ಸೆಲ್ ಟೆಸ್ಟ್ ಮಾಡಿಸ್ಬೇಕಾ?

ಪ್ರಶ್ನೆ: ನಮಸ್ತೆ ಮೇಡಂ. ನಂಗೆ 28 ವರ್ಷ, ಹೊಸನಗರ ತಾಲೂಕು, ನಗರದ ಹತ್ರ ನಮ್ಮನೆ. ಮೂರು ವರ್ಷದ ಹಿಂದೆ ಮೊದಲ್ನೇ ಬಸಿರಲ್ಲಿ 33ನೇ ವಾರಕ್ಕೆ ಬಿಪಿ 170/110 ಆಗಿ, ಯೂರಿನ್‌ನಲ್ಲಿ ಪ್ರೋಟೀನ್ ಹೋಗಿ, ಕಣ್ಣು ಮಂಜಾಗಿ, ಶಿವಮೊಗ್ಗಕ್ಕೆ ಕಳ್ಸಿ ರಾತ್ರೋರಾತ್ರಿ ಸಿಸೇರಿಯನ್ ಮಾಡಿದ್ರು. ಮಗಳು ಒಂದೂವರೆ ಕೆಜಿ ಇದ್ಲು, ಈಗ ಆರಾಮಿದಾಳೆ. ಈಗ ಮತ್ತೆ 9 ವಾರ, ಡೇಟ್ ಜುಲೈ ಕೊನೆಗೆ ಬರ್ತದೆ. ಸಂಬಂಧಿಕರೊಬ್ರು ಹೇಳಿದ್ರು ಅಂತ ಬೆಂಗಳೂರಿನ ಒಂದು ಕ್ಲಿನಿಕ್‌ಗೆ ಹೋಗಿದ್ವಿ. ಅವ್ರು ‘ನಿಮ್ಮ ಇಮ್ಯೂನಿಟಿ ಮಗೂನ ಹೊರಗಿನ ವಸ್ತು ಅಂದ್ಕೊಂಡು ಅಟ್ಯಾಕ್ ಮಾಡಿದೆ, ರಕ್ತದಲ್ಲಿ ಎನ್‌ಕೆ ಸೆಲ್ ಟೆಸ್ಟ್ ಮಾಡಿಸಿ, ಜಾಸ್ತಿ ಇದ್ರೆ ಇಂಟ್ರಾಲಿಪಿಡ್ ಡ್ರಿಪ್ ಮತ್ತೆ ಸ್ಟೀರಾಯ್ಡ್ ಮಾತ್ರೆ ಕೊಡ್ತೀವಿ’ ಅಂದ್ರು. ಅತ್ತೆ ಹೇಳೋದು, ನಿಮ್ಮಿಬ್ರದ್ದೂ ಒಂದೇ ಬ್ಲಡ್ ಗ್ರೂಪ್ (ಓ ಪಾಸಿಟಿವ್), ಅದಕ್ಕೇ ಹಿಂಗಾಗಿದ್ದು ಅಂತ. ತಾಲೂಕು ಆಸ್ಪತ್ರೆ ಡಾಕ್ಟ್ರು ಆಸ್ಪಿರಿನ್ ಬರ್ದಿದಾರೆ, ಆದ್ರೆ ರಕ್ತ ತೆಳ್ಳಗಾಗಿ ಗರ್ಭ ನಿಲ್ಲಲ್ಲ ಅಂತ ಮನೇಲಿ ಬೇಡ ಅಂತಿದಾರೆ. ರಕ್ತ ಪರೀಕ್ಷೆಲಿ ಬಿಳಿ ಕಣ 13,200 ಬಂದಿದೆ, ಅದೂ ಇದಕ್ಕೇ ಸಂಬಂಧನಾ? ನನ್ನ ದೇಹಾನೇ ನನ್ನ ಮಗೂಗೆ ವೈರಿಯಾ ಮೇಡಂ?

ಉತ್ತರ: ಕೊನೇ ಸಾಲಿಂದಾನೇ ಶುರು ಮಾಡ್ತೀನಿ. ಅಲ್ಲ ಕಣಮ್ಮ. ನಿಮ್ಮ ದೇಹ ಆವತ್ತೂ ವೈರಿ ಆಗಿರ್ಲಿಲ್ಲ, ಇವತ್ತೂ ಅಲ್ಲ. ಆದ್ರೆ ಆ ಕ್ಲಿನಿಕ್‌ನವ್ರು ಹೇಳಿದ್ದು ಪೂರ್ತಿ ಸುಳ್ಳು ಅಂತಾನೂ ಹೇಳಕ್ಕಾಗಲ್ಲ, ಪ್ರಿಎಕ್ಲಾಂಪ್ಸಿಯಾಗೂ (ಬಸಿರಲ್ಲಿ ಬಿಪಿ ಏರಿ ಯೂರಿನ್‌ನಲ್ಲಿ ಪ್ರೋಟೀನ್ ಹೋಗೋ, ನಿಮಗೆ ಹೋದ ಸಲ ಆಗಿದ್ದ ಕಾಯಿಲೆ) ತಾಯಿಯ ಇಮ್ಯೂನ್ ಸೆಲ್‌ಗಳಿಗೂ ನಂಟು ಇರೋದು ನಿಜ. ಅರ್ಧ ನಿಜ ಹೇಳಿ ಅದ್ರ ಮೇಲೆ ಪೂರ್ತಿ ಬಿಲ್ ಹಾಕಕ್ಕೆ ಹೊರಟಿದಾರೆ, ಅಷ್ಟೇ. ಆ ನಂಟು ಏನು ಅಂತ ಸರಿಯಾಗಿ ಗೊತ್ತಾದ್ರೆ ಯಾವ ಟೆಸ್ಟು ಬೇಕು, ಯಾವ ಡ್ರಿಪ್ಪು ಬೇಡ ಅಂತ ನೀವೇ ತೀರ್ಮಾನ ಮಾಡಬಹುದು, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಹೊಟ್ಟೇಲಿರೋ ಮಗೂಗೆ ಅರ್ಧ ಜೀನ್ ಅಪ್ಪಂದು. ಬೇರೆಯವ್ರ ಕಿಡ್ನಿ ಹಾಕಿದ್ರೆ ದೇಹ ಒಪ್ಪಲ್ಲ, ಜೀವಮಾನ ಪೂರ್ತಿ ಮಾತ್ರೆ ತಗೋಬೇಕು, ಅಂಥದ್ರಲ್ಲಿ ಅರ್ಧ ಬೇರೆಯವ್ರದ್ದಾದ ಮಗು ಒಂಬತ್ತು ತಿಂಗಳು ಹೆಂಗೆ ಉಳ್ಕೊಳ್ತದೆ? 1953ರಲ್ಲಿ ಪೀಟರ್ ಮೆಡಾವರ್ ಅನ್ನೋ ಬ್ರಿಟಿಷ್ ವಿಜ್ಞಾನಿ ಈ ಪ್ರಶ್ನೆ ಎತ್ತಿದ್ರು, 1960ರಲ್ಲಿ ಅವ್ರಿಗೆ ನೊಬೆಲ್ ಬಂತು (ಅದು ಬೇರೆ ಕೆಲಸಕ್ಕೆ). ತುಂಬಾ ವರ್ಷ ಎಲ್ರೂ ಅಂದ್ಕೊಂಡಿದ್ದು, ಬಸಿರಲ್ಲಿ ತಾಯಿಯ ಇಮ್ಯೂನಿಟಿ ತೂಕಡಿಸ್ತಾ ಇರ್ತದೆ, ಅದಕ್ಕೇ ಮಗು ಬಚಾವು ಅಂತ. ಆ ಯೋಚನೆನೇ ಇವತ್ತಿಗೂ ಕ್ಲಿನಿಕ್‌ಗಳಲ್ಲಿ ಬೇರೆ ಬೇರೆ ವೇಷದಲ್ಲಿ ಓಡಾಡ್ತಿದೆ. ಆದ್ರೆ ನೋಡಿ, ನಿಮ್ಮ ತಾಯಿ ಕಾರ್ಡ್‌ನಲ್ಲಿ ಧನುರ್ವಾಯುಗೆ ಟಿಡಿ ಇಂಜೆಕ್ಷನ್ ಹಾಕಿರೋದು ಬರ್ದಿರ್ತಾರಲ್ಲ, ಅದು ಕೆಲಸ ಮಾಡೋದೇ ನಿಮ್ಮ ಇಮ್ಯೂನಿಟಿ ಎಚ್ಚರವಾಗಿ ಇರೋದ್ರಿಂದ, ನಿಮ್ಮಲ್ಲಿ ತಯಾರಾದ ಆಂಟಿಬಾಡಿ ಮಾಸಿನ (ಪ್ಲಸೆಂಟಾ) ಮೂಲಕ ಮಗೂಗೂ ಹೋಗ್ತದೆ. ಮಲಗಿದ್ರೆ ಇದೆಲ್ಲಾ ಎಲ್ಲಿ ಆಗ್ತಿತ್ತು?

ಇನ್ನೂ ಒಂದು ಆಶ್ಚರ್ಯ ಇದೆ. ಮಾಸು ಗರ್ಭಕೋಶಕ್ಕೆ ಬೇರು ಬಿಡೋ ಜಾಗದಲ್ಲಿ, ಅಂದ್ರೆ ಗರ್ಭಕೋಶದ ಒಳಪದರದಲ್ಲಿ, ಮೊದಲ ಮೂರು ತಿಂಗಳು ಇಮ್ಯೂನ್ ಸೆಲ್‌ಗಳ ಜಾತ್ರೆನೇ ಇರ್ತದೆ. ಅಲ್ಲಿ ಸಿಗೋ ಬಿಳಿ ಕಣಗಳಲ್ಲಿ ಸುಮಾರು ನೂರಕ್ಕೆ 70 ಭಾಗ ಎನ್‌ಕೆ, ಅಂದ್ರೆ ನ್ಯಾಚುರಲ್ ಕಿಲ್ಲರ್ ಸೆಲ್‌ಗಳೇ, 20ರ ಹತ್ರ ಕಸ ನುಂಗೋ ಮ್ಯಾಕ್ರೋಫೇಜ್‌ಗಳು, ಉಳಿದಿದ್ದು ಹೆಚ್ಚಾಗಿ ಟಿ ಸೆಲ್‌ಗಳು. ಇದು ಆರೋಗ್ಯವಾಗಿರೋ ಬಸಿರಿನ ಲೆಕ್ಕ, ರೋಗದ್ದಲ್ಲ. ನಿಮಗೆ ಹೆದರಿಸಿದ ಎನ್‌ಕೆ ಸೆಲ್‌ಗಳು ಎಲ್ಲಾ ತಾಯಂದಿರ ಗರ್ಭಕೋಶದಲ್ಲೂ ಇವೆ, ಇರ್ಲೇಬೇಕು. ರಕ್ತದಲ್ಲಿ ಓಡಾಡೋ ಎನ್‌ಕೆ ಸೆಲ್ ವೈರಸ್ ಹೊಕ್ಕ ಸೆಲ್, ಕ್ಯಾನ್ಸರ್ ಸೆಲ್ ಇಂಥವನ್ನ ಕೊಲ್ತವೆ ಹೌದು, ಆದ್ರೆ ಗರ್ಭಕೋಶದಲ್ಲಿರೋವು ಬೇರೆ ಜಾತಿಯವು, ಅವುಗಳ ಮೈಮೇಲಿನ ಗುರುತುಗಳೇ ಬೇರೆ, ಅವು ಕೊಲ್ಲೋ ಕೆಲಸಕ್ಕೆ ಹೋಗೋದು ಬಹಳ ಕಮ್ಮಿ. ಅವು ರಕ್ತನಾಳ ಬೆಳೆಯಕ್ಕೆ ಬೇಕಾದ ಪ್ರೋಟೀನ್‌ಗಳನ್ನ ಬಿಡ್ತಾ ಕೂತಿರ್ತವೆ.

ಆ ಕಡೆಯಿಂದ ಮಾಸಿನ ಸೆಲ್‌ಗಳೂ ಸುಮ್ನಿರಲ್ಲ. ಸಾಮಾನ್ಯವಾಗಿ ನಮ್ಮ ದೇಹದ ಸೆಲ್‌ಗಳು ಎಚ್‌ಎಲ್‌ಎ ಅನ್ನೋ ಗುರುತಿನ ಪ್ರೋಟೀನ್ ಹೊತ್ಕೊಂಡಿರ್ತವೆ, ಕಿಡ್ನಿ ಒಪ್ಪದೇ ಇರೋದು ಮುಖ್ಯವಾಗಿ ಇದ್ರಿಂದಾನೇ. ತಾಯಿಯ ಗರ್ಭಕೋಶದೊಳಗೆ ನುಗ್ಗೋ ಮಾಸಿನ ಸೆಲ್‌ಗಳು ಅದ್ರಲ್ಲಿ ಎ ಮತ್ತು ಬಿ ಅನ್ನೋ ಜಗಳಗಂಟಿ ಗುರುತುಗಳನ್ನ ತೋರ್ಸೋದೇ ಇಲ್ಲ, ಸಿ, ಇ, ಜಿ ಅನ್ನೋವನ್ನ ಮಾತ್ರ ತೋರಿಸ್ತವೆ. ತಾಯಿ ರಕ್ತಕ್ಕೆ ನೇರ ತಾಗೋ ಮಾಸಿನ ಹೊರಪದರದಲ್ಲಂತೂ ಈ ಗುರುತುಗಳೇ ಇಲ್ಲ. ಹಿಂಗೆ ಎರಡೂ ಕಡೆಯವ್ರು ಮಾತಾಡ್ಕೊಂಡು ಒಂದು ಕೆಲಸ ಮಾಡಿ ಮುಗಿಸ್ಬೇಕು, ಆ ಕೆಲಸ ಯಾವ್ದು ಅಂತ ಗೊತ್ತಾದ್ರೆ ನಿಮ್ಮ ಕಾಯಿಲೆ ಅರ್ಧ ಗೊತ್ತಾದಂಗೆ.

ಗರ್ಭಕೋಶದ ಗೋಡೇಲಿ ಸುರುಳಿ ಸುರುಳಿಯಾದ ಸಣ್ಣ ರಕ್ತನಾಳಗಳಿವೆ. ಬಸಿರಾದ ಮೇಲೆ ಅವುಗಳ ಬಾಯಿ ಅಗಲ ಆಗ್ಬೇಕು, ಗೋಡೆಯ ಮಾಂಸಖಂಡ ಕರಗಬೇಕು, ರಕ್ತ ನಿಧಾನವಾಗಿ, ಧಾರಾಳವಾಗಿ ಮಾಸಿಗೆ ಹರೀಬೇಕು. ಈ ರಿಪೇರಿ ಶುರು ಮಾಡಿಸೋದ್ರಲ್ಲಿ ತಾಯಿಯ ಎನ್‌ಕೆ ಸೆಲ್ ಮತ್ತು ಮ್ಯಾಕ್ರೋಫೇಜ್‌ಗಳ ಪಾಲು ದೊಡ್ಡದು, ಆಮೇಲೆ ಮಾಸಿನ ಸೆಲ್‌ಗಳು ಬಂದು ಮುಂದುವರಿಸ್ತವೆ, ಸುಮಾರು 20 ವಾರದ ಹೊತ್ತಿಗೆ ಮುಗೀತದೆ. ನಿಮ್ಮದು ಅಡಿಕೆ ತೋಟ ಇರೋ ಊರು, ಹಂಗಾಗಿ ಹೇಳ್ತೀನಿ: ಅಗಲ ಕಾಲುವೇಲಿ ಬಂದ ನೀರು ಮರದ ಬುಡಕ್ಕೆ ತಣ್ಣಗೆ ಇಂಗ್ತದೆ, ಅದೇ ನೀರನ್ನ ಸಣ್ಣ ಪೈಪ್‌ನಲ್ಲಿ ಪ್ರೆಶರ್ ಹಾಕಿ ಬುಡಕ್ಕೇ ಬಿಟ್ರೆ ಮಣ್ಣು ಕೊಚ್ಚಿ ಬೇರು ಮೇಲೆ ಬರ್ತದೆ, ನೀರು ಬಂತು ಆದ್ರೆ ಗಿಡಕ್ಕೆ ಸಿಕ್ಕಿಲ್ಲ. ರಕ್ತನಾಳ ಅಗಲ ಆಗದಿದ್ರೆ ಮಾಸಿಗೆ ಆಗೋದೂ ಅದೇ. ರಕ್ತ ಜೋರಾಗಿ ಚಿಮ್ಮಿ ಮಾಸಿನ ಎಳೆಗಳನ್ನ ಹಾಳು ಮಾಡ್ತದೆ, ಒಂದು ಸಲ ಬರ್ತದೆ ಒಂದು ಸಲ ಇಲ್ಲ, ಮಾಸಿಗೆ ಉಸಿರು ಕಟ್ಟಿದಂಗೆ ಆಗ್ತದೆ. ದಿನ ತುಂಬೋ ಹೊತ್ತಿಗೆ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರ್‌ಗಿಂತ ಜಾಸ್ತಿ ರಕ್ತ ಬೇಕು, ಸಪೂರ ನಾಳದಲ್ಲಿ ಅದು ಹೆಂಗೆ ಸಾಲ್ತದೆ ಹೇಳಿ.

ಈಗ ಮುಖ್ಯ ಮಾತು. ನಿಮ್ಮ ಥರ ಬೇಗ ಬರೋ ಪ್ರಿಎಕ್ಲಾಂಪ್ಸಿಯಾದಲ್ಲಿ ಮೊದಲ ಹಂತದ ತೊಂದರೆ ಅಂದ್ರೆ ಇಮ್ಯೂನ್ ಸೆಲ್‌ಗಳು ಜೋರು ಮಾಡಿದ್ದಲ್ಲ, ಸಾಕಷ್ಟು ಸಹಾಯ ಮಾಡದೇ ಇದ್ದಿದ್ದು. ಇದಕ್ಕೆ ಒಳ್ಳೇ ಸುಳಿವು 2004ರಲ್ಲಿ ಕೇಂಬ್ರಿಡ್ಜ್‌ನ ತಂಡದಿಂದ ಬಂತು. ಎನ್‌ಕೆ ಸೆಲ್‌ಗಳ ಮೇಲೆ ಕೆಐಆರ್ ಅನ್ನೋ ಪ್ರೋಟೀನ್‌ಗಳಿರ್ತವೆ, ಕೆಲವು ಸೆಲ್ಲನ್ನ ಚುರುಕು ಮಾಡ್ತವೆ, ಕೆಲವು ತಡೀತವೆ, ಯಾರಿಗೆ ಯಾವ್ದು ಅನ್ನೋದು ಹುಟ್ಟಿನಿಂದ ಬಂದಿದ್ದು. ಚುರುಕು ಮಾಡೋವು ಕಮ್ಮಿ ಇರೋ ತಾಯಿಗೆ, ಎಚ್‌ಎಲ್‌ಎ-ಸಿ2 ಅನ್ನೋ ಗುರುತಿರೋ ಮಗು ಬಂದ್ರೆ ಪ್ರಿಎಕ್ಲಾಂಪ್ಸಿಯಾ ಸಾಧ್ಯತೆ ಹೆಚ್ಚು ಅಂತ ಅವ್ರು ತೋರ್ಸಿದ್ರು. ಅಂದ್ರೆ ಎನ್‌ಕೆ ಸೆಲ್ ಅತಿಯಾಗಿ ತಡೆಯಾದಾಗ ತೊಂದರೆ! ಈಗ ನೀವೇ ಹೇಳಿ, ಆ ಸೆಲ್‌ಗಳನ್ನ ‘ತಣ್ಣಗೆ ಮಾಡ್ತೀವಿ’ ಅಂತ ಡ್ರಿಪ್ ಕೊಡೋದಕ್ಕೆ ಏನರ್ಥ?

ಟಿ ಸೆಲ್‌ಗಳದ್ದೂ ಒಂದು ಕಥೆ ಇದೆ. ಅದ್ರಲ್ಲಿ ಟ್ರೆಗ್ ಅನ್ನೋ ಒಂದು ಗುಂಪು ಜಗಳ ಬಿಡಿಸೋ ಕೆಲಸದ್ದು, ಒಳ್ಳೇ ಬಸಿರಲ್ಲಿ ಅವು ಹೆಚ್ಚಾಗ್ತವೆ, ಪ್ರಿಎಕ್ಲಾಂಪ್ಸಿಯಾ ಆದವ್ರಲ್ಲಿ ಕಮ್ಮಿ ಇರೋದು ಕಂಡುಬಂದಿದೆ, ಉರಿಯೂತ ಹೆಚ್ಚಿಸೋ ಟಿ ಸೆಲ್‌ಗಳ ಕೈ ಮೇಲಾಗಿರ್ತದೆ. ಈ ಟ್ರೆಗ್‌ಗಳಿಗೆ ನೆನಪಿನ ಶಕ್ತಿ ಇದೆ ಅಂತ 2012ರಲ್ಲಿ ಇಲಿಗಳಲ್ಲಿ ತೋರ್ಸಿದ್ರು, ಅದೇ ಅಪ್ಪನ ಗುರುತಿರೋ ಎರಡನೇ ಬಸಿರಲ್ಲಿ ಅವು ಬೇಗ ಬಂದು ಸೇರ್ತವೆ. ಪ್ರಿಎಕ್ಲಾಂಪ್ಸಿಯಾ ಮೊದಲ ಬಸಿರಲ್ಲೇ ಹೆಚ್ಚು ಯಾಕೆ ಅನ್ನೋದಕ್ಕೆ ಇದೊಂದು ಕಾರಣ ಇರಬಹುದು. ಗಂಡನ ವೀರ್ಯಕ್ಕೂ ತಾಯಿಯ ಇಮ್ಯೂನಿಟಿಯನ್ನ ಮೊದಲೇ ಪರಿಚಯ ಮಾಡಿಸೋ ಗುಣ ಇದೆ, ಮದುವೆಯಾಗಿ ಒಂದೆರಡು ತಿಂಗಳಲ್ಲೇ ಬಸಿರಾದವ್ರಲ್ಲಿ, ದಾನಿಯ ವೀರ್ಯದಿಂದ ಬಸಿರಾದವ್ರಲ್ಲಿ ಈ ಕಾಯಿಲೆ ಸ್ವಲ್ಪ ಹೆಚ್ಚು ಕಾಣೋದಕ್ಕೂ ಇದೇ ವಿವರಣೆ ಕೊಡ್ತಾರೆ. ಎರಡು ಬಸಿರಿನ ನಡುವೆ 10 ವರ್ಷದ ಮೇಲೆ ಅಂತರ ಬಿದ್ರೆ ಅಪಾಯ ಮತ್ತೆ ಮೊದಲ ಬಸಿರಿನಷ್ಟೇ ಆಗ್ತದೆ ಅಂತ ನಾರ್ವೆಯ ಹೆರಿಗೆ ದಾಖಲೆಗಳಿಂದ 2002ರಲ್ಲಿ ಗೊತ್ತಾಯ್ತು. ನಿಮ್ಮದು ಮೂರು ವರ್ಷ, ಅದ್ರ ಚಿಂತೆ ಇಲ್ಲ. ಹಂಗಂತ ಇದೆಲ್ಲಾ ಯಜಮಾನ್ರ ತಪ್ಪು ಅಂತ ಮನೇಲಿ ಶುರು ಹಚ್ಕೋಬೇಡಿ ಮತ್ತೆ.

ಅತ್ತೆಯವ್ರು ಹೇಳಿದ ಬ್ಲಡ್ ಗ್ರೂಪ್ ವಿಷ್ಯ: ಗಂಡ ಹೆಂಡತಿ ಇಬ್ರೂ ಓ ಪಾಸಿಟಿವ್ ಆದ್ರೆ ಒಂದು ತೊಂದರೇನೂ ಇಲ್ಲ, ಇನ್ನೂ ಒಳ್ಳೇದೇ. ಬ್ಲಡ್ ಗ್ರೂಪ್ ನೋಡೋದು ತಾಯಿ ನೆಗೆಟಿವ್ ಇದ್ದು ಮಗು ಪಾಸಿಟಿವ್ ಆದಾಗ, ಆಗ ಆಂಟಿ-ಡಿ ಇಂಜೆಕ್ಷನ್ ಕೊಡ್ತೀವಿ. ಅದು ಮಗೂನ ರಕ್ತ ಒಡೆಯೋ ಬೇರೆಯದೇ ಸಮಸ್ಯೆ, ಬಿಪಿಗೂ ಅದಕ್ಕೂ ಸಂಬಂಧ ಇಲ್ಲ.

ಇಷ್ಟು ಮೊದಲ ಹಂತ, ಇದು ನಡೆಯೋವಾಗ ನಿಮಗೆ ಒಂಚೂರೂ ಗೊತ್ತಾಗಲ್ಲ, ಬಿಪಿ ನಾರ್ಮಲ್ಲೇ ಇರ್ತದೆ. ಎರಡನೇ ಹಂತ ತಿಂಗಳುಗಳಾದ ಮೇಲೆ. ಉಸಿರುಕಟ್ಟಿದ ಮಾಸು ತನ್ನ ಚೂರುಪಾರು, ಕೆಲವು ಪ್ರೋಟೀನ್‌ಗಳನ್ನ ತಾಯಿಯ ರಕ್ತಕ್ಕೆ ಬಿಡಕ್ಕೆ ಶುರು ಮಾಡ್ತದೆ. ಅದ್ರಲ್ಲಿ ಮುಖ್ಯವಾದದ್ದು ಎಸ್‌ಎಫ್‌ಎಲ್‌ಟಿ-1, ಇದನ್ನ 2003ರಲ್ಲಿ ಬಾಸ್ಟನ್‌ನಲ್ಲಿ ಭಾರತ ಮೂಲದ ಡಾ. ಅನಂತ್ ಕರುಮಂಚಿ ಅವ್ರ ತಂಡ ತೋರ್ಸಿತು. ಇದು ತಾಯಿಯ ರಕ್ತನಾಳಗಳ ಒಳಪದರವನ್ನ ಚೆನ್ನಾಗಿ ಇಡೋ ಪ್ರೋಟೀನ್‌ಗಳನ್ನ ಹಿಡ್ಕೊಂಡುಬಿಡ್ತದೆ. ಇಲಿಗಳಿಗೆ ಇದನ್ನ ಕೊಟ್ಟಾಗ ಬಿಪಿ ಏರಿ ಯೂರಿನ್‌ನಲ್ಲಿ ಪ್ರೋಟೀನ್ ಬಂತು, ಬಸಿರಿಲ್ಲದ ಇಲಿಗಳಿಗೂ! ಇದ್ರ ಜೊತೆಗೆ ರಕ್ತದಲ್ಲಿರೋ ನ್ಯೂಟ್ರೋಫಿಲ್, ಮೋನೋಸೈಟ್ ಅನ್ನೋ ಬಿಳಿ ಕಣಗಳು ಕೆರಳ್ತವೆ, ಉರಿಯೂತ ಹೆಚ್ಚಾಗ್ತದೆ, ಕೆಲವರಲ್ಲಿ ಬಿಪಿ ಏರಿಸೋ ಆಂಟಿಬಾಡಿಗಳೂ ಸಿಗ್ತವೆ. ಆಗ ಕಿಡ್ನಿ, ಲಿವರ್, ಮೆದುಳು, ಕಣ್ಣು ಎಲ್ಲದಕ್ಕೂ ಏಟು. ನಿಮ್ಮ ಕಣ್ಣು ಮಂಜಾಗಿದ್ದು ಅದೇ. ಅಂದ್ರೆ ಇಮ್ಯೂನ್ ಸೆಲ್‌ಗಳು ಶುರುವಲ್ಲಿ ಗರ್ಭಕೋಶದೊಳಗೆ ಕಮ್ಮಿ ಬಿದ್ದು, ಕೊನೇಲಿ ರಕ್ತದಲ್ಲಿ ಅತಿಯಾಗಿ, ಎರಡು ಜಾಗದಲ್ಲಿ ಎರಡು ಥರ ಎಡವಟ್ಟು ಮಾಡಿರ್ತವೆ. ಇವೆರಡನ್ನ ಸೇರಿಸಿ ‘ಅಟ್ಯಾಕ್’ ಅಂತ ಒಂದೇ ಮಾತಲ್ಲಿ ಹೇಳಿದ್ರೆ ಕೇಳಕ್ಕೆ ಸುಲಭ, ಆದ್ರೆ ಸರಿಯಲ್ಲ.

ಮಗು ಮೇಲೆ ದಾಳಿ ಅಲ್ಲ ಅನ್ನೋದಕ್ಕೆ ನಾನು ಯಾವಾಗ್ಲೂ ಹೇಳೋ ಉದಾಹರಣೆ ಮುತ್ತು ಗರ್ಭ. ಕೆಲವೊಮ್ಮೆ ಗರ್ಭದಲ್ಲಿ ಮಗೂನೇ ಇರಲ್ಲ, ಬರೀ ಮಾಸಿನ ಭಾಗ ದ್ರಾಕ್ಷಿ ಗೊಂಚಲಿನಂಗೆ ಬೆಳೆದಿರ್ತದೆ. ಅಂಥವ್ರಿಗೂ ಪ್ರಿಎಕ್ಲಾಂಪ್ಸಿಯಾ ಬರ್ತದೆ, 20 ವಾರಕ್ಕೆ ಮೊದ್ಲೇ ಬರಬಹುದು. ಮಗೂನೇ ಇಲ್ಲದಿದ್ದಾಗ ಯಾರ ಮೇಲೆ ದಾಳಿ? ಕಾಯಿಲೆಯ ಬೇರು ಮಾಸಲ್ಲಿದೆ, ಅದಕ್ಕೇ ಮಾಸು ಹೊರಗೆ ಬರೋ ತನಕ ಇದು ಪೂರ್ತಿ ವಾಸಿಯಾಗಲ್ಲ. ಇನ್ನೊಂದು ವಿಷ್ಯ, ಗಂಡು ಮಗು ಹೆತ್ತ ತಾಯಂದಿರ ರಕ್ತದಲ್ಲಿ ಆ ಮಗುವಿನ ಸೆಲ್‌ಗಳು 27 ವರ್ಷ ಆದ ಮೇಲೂ ಸಿಕ್ಕಿದ್ದು 1996ರಲ್ಲಿ ವರದಿಯಾಗಿದೆ. ವೈರಿ ಆಗಿದ್ರೆ ಅಷ್ಟು ವರ್ಷ ಇಟ್ಕೊಳ್ತಿತ್ತಾ ದೇಹ?

ಈಗ ಟೆಸ್ಟ್ ಮತ್ತು ಡ್ರಿಪ್. ತೋಳಿಂದ ತೆಗೆದ ರಕ್ತದಲ್ಲಿ ಎನ್‌ಕೆ ಸೆಲ್ ಎಷ್ಟಿದೆ ಅಂತ ನೋಡಿದ್ರೆ ಗರ್ಭಕೋಶದಲ್ಲಿ ಏನಾಗ್ತಿದೆ ಅಂತ ಗೊತ್ತಾಗಲ್ಲ, ಎರಡೂ ಬೇರೆ ಬೇರೆ ಸೆಲ್‌ಗಳು ಅಂತ ಮೇಲೆ ಹೇಳಿದ್ನಲ್ಲ. ಇಂಟ್ರಾಲಿಪಿಡ್ ಅಂದ್ರೆ ಸೋಯಾ ಎಣ್ಣೆ ಮತ್ತೆ ಮೊಟ್ಟೆಯ ಕೊಬ್ಬಿನಾಂಶದಿಂದ ಮಾಡಿದ ಬಿಳಿ ದ್ರವ, ಬಾಯಲ್ಲಿ ಊಟ ಮಾಡಕ್ಕಾಗದ ರೋಗಿಗಳಿಗೆ ಶಕ್ತಿಗೆ ಅಂತ ಕೊಡೋದು. ಅದ್ರಿಂದ ಪ್ರಿಎಕ್ಲಾಂಪ್ಸಿಯಾ ತಪ್ತದೆ ಅನ್ನೋದಕ್ಕೆ ಆಧಾರ ಇಲ್ಲ, ಅಲರ್ಜಿ, ಜ್ವರ, ಲಿವರ್ ತೊಂದರೆ ಆಗೋ ಅಪಾಯ ಮಾತ್ರ ಇದೆ. ಸ್ಟೀರಾಯ್ಡ್ ಮಾತ್ರೆ ತಿಂಗಳುಗಟ್ಟಲೆ ನುಂಗಿದ್ರೆ ಶುಗರ್ ಏರ್ತದೆ, ಇನ್ಫೆಕ್ಷನ್ ಆಗ್ತದೆ, ಬಿಪಿನೂ ಏರ್ತದೆ. ಬಿಪಿ ಬರಬಾರ್ದು ಅಂತ ಬಿಪಿ ಏರ್ಸೋ ಮಾತ್ರೆ! ಗಂಡನ ಬಿಳಿ ಕಣ ತೆಗೆದು ಹೆಂಡ್ತಿಗೆ ಚುಚ್ಚೋ ಇನ್ನೊಂದು ಚಿಕಿತ್ಸೆನೂ ಇತ್ತು, ಅಮೆರಿಕದ ಎಫ್‌ಡಿಎ 2002ರಲ್ಲಿ ಸಂಶೋಧನೆ ಬಿಟ್ಟು ಬೇರೆಲ್ಲೂ ಅದನ್ನ ಮಾಡಬಾರ್ದು ಅಂತ ನಿಲ್ಲಿಸ್ತು. ಯಾರಾದ್ರೂ ಅದನ್ನ ಹೇಳಿದ್ರೆ ಎದ್ದು ಬನ್ನಿ. ಒಟ್ಟಲ್ಲಿ ನನ್ನ ಸಲಹೆ, ಈ ದುಡ್ಡು ಉಳಿಸಿ.

ಆದ್ರೆ ಒಂದು ಇಮ್ಯೂನ್ ಟೆಸ್ಟ್ ನಿಮಗೆ ನಿಜವಾಗ್ಲೂ ಬೇಕು, ಅದನ್ನ ಆ ಕ್ಲಿನಿಕ್‌ನವ್ರು ಹೇಳಿದ ಹಾಗೆ ಕಾಣ್ಲಿಲ್ಲ. ಆ್ಯಂಟಿಫಾಸ್ಫೋಲಿಪಿಡ್ ಆಂಟಿಬಾಡಿ ಟೆಸ್ಟ್, ಅಂದ್ರೆ ರಕ್ತ ಬೇಗ ಹೆಪ್ಪುಗಟ್ಟೋ ಹಂಗೆ ಮಾಡೋ ಆಂಟಿಬಾಡಿ ಇದೆಯಾ ಅಂತ ನೋಡೋದು. ತೀವ್ರ ಪ್ರಿಎಕ್ಲಾಂಪ್ಸಿಯಾದಿಂದ 34 ವಾರದೊಳಗೆ ಹೆರಿಗೆ ಆದವ್ರಿಗೆ ಇದನ್ನ ನೋಡೋದು ನ್ಯಾಯ, ನಿಮ್ಮದು 33. ಇದ್ರಲ್ಲಿ ಮೂರು ಭಾಗ ಇದೆ: ಲೂಪಸ್ ಆಂಟಿಕೊಆಗ್ಯುಲೆಂಟ್, ಕಾರ್ಡಿಯೋಲಿಪಿನ್ ಆಂಟಿಬಾಡಿ, ಬೀಟಾ-2 ಗ್ಲೈಕೋಪ್ರೋಟೀನ್. ಪಾಸಿಟಿವ್ ಬಂದ್ರೆ 12 ವಾರ ಬಿಟ್ಟು ಇನ್ನೊಂದು ಸಲ ಮಾಡಿ ಖಾತ್ರಿ ಮಾಡ್ಕೋಬೇಕು, ಚಿಕಿತ್ಸೆ ಶುರು ಮಾಡಕ್ಕೆ ಅಲ್ಲಿ ತನಕ ಕಾಯೋದು ಬೇಡ ಅಂತ ನಿಮ್ಮ ಡಾಕ್ಟ್ರಿಗೆ ಅನ್ಸಬಹುದು. ಆಗ ಆಸ್ಪಿರಿನ್ ಜೊತೆ ರಕ್ತ ಹೆಪ್ಪುಗಟ್ಟದಂಗೆ ತಡೆಯೋ ಹೆಪಾರಿನ್ ಇಂಜೆಕ್ಷನ್ ಸೇರ್ತದೆ. ಕೀಲುನೋವು, ಬಿಸಿಲಿಗೆ ಹೋದ್ರೆ ಮುಖದಲ್ಲಿ ಕೆಂಪು ಗಂಧೆ, ಇಂಥದ್ದು ಇದ್ರೆ ಅದನ್ನೂ ಹೇಳಿ, ಲೂಪಸ್ (ಇಮ್ಯೂನಿಟಿ ತನ್ನ ದೇಹದ ಮೇಲೇ ತಿರುಗೋ ಕಾಯಿಲೆ) ಇದೆಯಾ ಅಂತ ನೋಡ್ಬೇಕಾಗ್ತದೆ. ಇದ್ರ ಜೊತೆ ಈಗ್ಲೇ ಬಿಪಿ, ಶುಗರ್, ಥೈರಾಯ್ಡ್, ಕ್ರಿಯಾಟಿನಿನ್, ಯೂರಿನ್ ಪ್ರೋಟೀನ್ ಒಂದು ಸಲ ನೋಡಿ ಬರ್ದಿಟ್ಕೊಳ್ಳಿ, ಮುಂದೆ ಹೋಲಿಸಕ್ಕೆ ಬೇಕು.

ಆಸ್ಪಿರಿನ್ ವಿಚಾರಕ್ಕೆ ಬರೋಣ, ಯಾಕಂದ್ರೆ ನಿಮ್ಮ ಕೈಯಲ್ಲಿರೋ ದೊಡ್ಡ ಆಯುಧ ಅದೇ, ಅದನ್ನೇ ಮನೇಲಿ ಬೇಡ ಅಂತಿದಾರೆ. 2017ರ ಆಸ್ಪ್ರಿ ಅನ್ನೋ ಅಧ್ಯಯನದಲ್ಲಿ ಅಪಾಯ ಹೆಚ್ಚಿರೋ ಗರ್ಭಿಣಿಯರಿಗೆ 11ರಿಂದ 14 ವಾರದ ನಡುವೆ ಶುರು ಮಾಡಿ 36 ವಾರದ ತನಕ ದಿನಾ ರಾತ್ರಿ 150 ಮಿಲಿಗ್ರಾಂ ಕೊಟ್ರು. 37 ವಾರದೊಳಗೆ ಹೆರಿಗೆ ಮಾಡಿಸ್ಬೇಕಾದಂಥ ಪ್ರಿಎಕ್ಲಾಂಪ್ಸಿಯಾ 100ಕ್ಕೆ 4.3 ಇದ್ದಿದ್ದು 1.6ಕ್ಕೆ ಇಳೀತು. ಗರ್ಭಪಾತ ಆಗ್ತದೆ ಅನ್ನೋ ಭಯಕ್ಕೆ ಆಧಾರ ಇಲ್ಲ. ‘ರಕ್ತ ತೆಳ್ಳಗೆ’ ಅಂತಾರಲ್ಲ, ಅದು ಪ್ಲೇಟ್‌ಲೆಟ್‌ಗಳ ಅಂಟು ಕಮ್ಮಿ ಮಾಡ್ತದೆ ಅಷ್ಟೇ, ವಸಡು ಮೂಗಲ್ಲಿ ಒಂಚೂರು ರಕ್ತ, ಹೊಟ್ಟೆ ಉರಿ ಬರಬಹುದು, ಹೆರಿಗೆ ಹೊತ್ತಲ್ಲಿ ರಕ್ತಸ್ರಾವ ಸ್ವಲ್ಪ ಹೆಚ್ಚಾಗೋ ಸಾಧ್ಯತೆ ಇದೆ, ಅದಕ್ಕೇ ಮೊದ್ಲೇ ನಿಲ್ಲಿಸೋದು. ಹೊಟ್ಟೇಲಿ ಹುಣ್ಣು, ಆಸ್ಪಿರಿನ್ ಅಲರ್ಜಿ, ರಕ್ತ ಹೆಪ್ಪುಗಟ್ಟದ ಕಾಯಿಲೆ ಇದ್ದವ್ರಿಗೆ ಮಾತ್ರ ಬೇಡ. ನಿಮಗೆ ಸಂಕ್ರಾಂತಿ ಹೊತ್ತಿಗೆ 12 ವಾರ ಆಗ್ತದೆ, ಅವತ್ತಿಂದ ಶುರು ಮಾಡಿ, 16 ವಾರ ದಾಟಿಸ್ಬೇಡಿ, ಯಾಕಂದ್ರೆ ರಕ್ತನಾಳದ ರಿಪೇರಿ ನಡೆಯೋದು ಆ ಹೊತ್ತಲ್ಲೇ. ಅಂಗಡೀಲಿ 75 ಮತ್ತು 150 ಎರಡೂ ಸಿಗ್ತವೆ, ಡಾಕ್ಟ್ರು ಬರ್ದಿರೋದನ್ನೇ ತಗೊಳ್ಳಿ, ತಲೆನೋವಿಗೆ ಅಂತ ಸಿಗೋ ದೊಡ್ಡ ಡೋಸಿನದು ಬೇಡ. ಸುಮಾರು ಜನ ಎರಡು ತಿಂಗಳು ತಗೊಂಡು ‘ಬಿಪಿ ನಾರ್ಮಲ್ ಇದೆಯಲ್ಲ’ ಅಂತ ಬಿಟ್ಬಿಡ್ತಾರೆ, ಹಂಗೆ ಮಾಡ್ಬೇಡಿ.

ಕ್ಯಾಲ್ಸಿಯಂ ಮಾತ್ರೆನೂ ಅಷ್ಟೇ. ಬೆಂಗಳೂರಲ್ಲಿ 11,000 ಗರ್ಭಿಣಿಯರ ಮೇಲೆ ನಡೆದು 2024ರಲ್ಲಿ ಪ್ರಕಟ ಆದ ಅಧ್ಯಯನದಲ್ಲಿ, ದಿನಕ್ಕೆ 500 ಮಿಲಿಗ್ರಾಂ ತಗೊಂಡವ್ರಿಗೂ 1,500 ತಗೊಂಡವ್ರಿಗೂ ಪ್ರಿಎಕ್ಲಾಂಪ್ಸಿಯಾ ಲೆಕ್ಕದಲ್ಲಿ ವ್ಯತ್ಯಾಸ ಇರ್ಲಿಲ್ಲ. ಸರ್ಕಾರಿ ಆಸ್ಪತ್ರೆಲಿ ಕೊಡೋದು 500ರದ್ದು ದಿನಕ್ಕೆರಡು, ಧಾರಾಳ ಆಯ್ತು. ಕಬ್ಬಿಣದ ಮಾತ್ರೆ ಜೊತೆ ಒಟ್ಟಿಗೆ ನುಂಗ್ಬೇಡಿ, ಎರಡು ಗಂಟೆ ಅಂತರ ಇರ್ಲಿ, ಊಟ ಆದ ತಕ್ಷಣ ಕಾಫಿನೂ ಬೇಡ. ವಿಟಮಿನ್ ಸಿ, ಇ ಮಾತ್ರೆಗಳಿಂದ ಇದು ತಪ್ಪಲ್ಲ ಅಂತ ಪರೀಕ್ಷೆ ಮಾಡೇ ತೋರ್ಸಿದಾರೆ. ಪೂರ್ತಿ ಮಲಗಿರೋದ್ರಿಂದಾನೂ ತಪ್ಪಲ್ಲ. ಉಪ್ಪಿಲ್ಲದ ಗಂಜಿ ಕುಡಿಯೋದೂ ಬೇಡ, ಅಪ್ಪೆಮಿಡಿ ಉಪ್ಪಿನಕಾಯಿ ಊಟಕ್ಕೆ ಒಂದು ತಿಂದ್ರೆ ಏನೂ ಆಗಲ್ಲ, ಮೂರು ತಿಂದ್ರೆ ನಾನು ಜವಾಬ್ದಾರಿ ಅಲ್ಲ.

ಮತ್ತೆ ಬರ್ತದಾ? ಎಲ್ಲಾ ಸೇರಿ ನೋಡಿದ್ರೆ ಒಮ್ಮೆ ಆದವ್ರಲ್ಲಿ 6 ಜನಕ್ಕೆ ಒಬ್ರಿಗೆ ಮರುಕಳಿಸ್ತದೆ. ಆದ್ರೆ 28ರಿಂದ 34 ವಾರದೊಳಗೆ ಹೆರಿಗೆ ಆದವ್ರಿಗೆ 3ರಲ್ಲಿ 1ರ ಹತ್ರ. ನಿಮ್ಮಿಂದ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ, ಹೇಳ್ಬಿಟ್ಟೆ. ಮೂರರಲ್ಲಿ ಇಬ್ರಿಗೆ ಬರಲ್ಲ ಅನ್ನೋದೂ ಅದೇ ಲೆಕ್ಕ, ಬಂದ್ರೂ ಹೆಚ್ಚಿನವ್ರಿಗೆ ಮೊದಲ ಸಲಕ್ಕಿಂತ ತಡವಾಗಿ, ಸೌಮ್ಯವಾಗಿ ಬರ್ತದೆ.

ನಿಮ್ಮ ವಿಷ್ಯದಲ್ಲಿ ನಂಗೆ ಇಮ್ಯೂನ್ ಸೆಲ್‌ಗಿಂತ ಹೆಚ್ಚು ಚಿಂತೆ ರಸ್ತೆದು. 34 ವಾರ ಆಗೋದು ಜೂನ್ ಮಧ್ಯ, ಅಷ್ಟೊತ್ತಿಗೆ ನಗರ, ಮಾಸ್ತಿಕಟ್ಟೆ ಕಡೆ ಮಳೆ ಹಿಡಿದಿರ್ತದೆ, ಶಿವಮೊಗ್ಗಕ್ಕೆ ಎರಡು ಗಂಟೆ ಮೇಲೆ ದಾರಿ, ಮರ ಬಿದ್ರೆ ಇನ್ನೆಷ್ಟೋ, ಫೋನ್ ನೆಟ್‌ವರ್ಕ್ ಕರೆಂಟ್ ಜೊತೇಲೇ ಹೋಗ್ತದೆ. ನಿಮ್ಮ ಕಡೆಯವ್ರು ಸುಮಾರು ಜನ ಹುಲಿಕಲ್ ಘಾಟಿ ಇಳಿದು ಕುಂದಾಪುರ, ಮಣಿಪಾಲಕ್ಕೆ ಹೋಗ್ತೀರಿ, ಗುಡ್ಡ ಕುಸಿದ್ರೆ ಅದೂ ಬಂದ್. ಅದಕ್ಕೇ ಈಗ್ಲೇ ತೀರ್ಮಾನ ಮಾಡಿ, ಆ ಕಡೆಯಾ ಈ ಕಡೆಯಾ, ಒಂದೇ ಕಡೆ ತೋರಿಸ್ಕೊಳ್ಳಿ. ಮೇ ಕೊನೇಲೇ ಶಿವಮೊಗ್ಗದಲ್ಲಿ ನೆಂಟರ ಮನೆ ಇದ್ರೆ ಅಲ್ಲಿಗೆ ಬಂದಿರೋದು ನನ್ನ ಮೊದಲ ಆಯ್ಕೆ, ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆ, ಹಸುಗೂಸುಗಳ ಐಸಿಯು ಹತ್ರ ಇರೋ ಕಡೆ. ನೆಂಟರ ಮನೇಲಿ ಎರಡು ತಿಂಗಳು ಇರೋದು ಸುಲಭ ಅಲ್ಲ, ಮಗಳನ್ನ ಯಾರು ನೋಡ್ಕೊಳ್ತಾರೆ, ಗೊತ್ತು ನಂಗೆ. ಆಗದಿದ್ರೆ ಕೊನೇಪಕ್ಷ ಹೊಸನಗರ ಪೇಟೇಲಾದ್ರೂ ಇರಿ, 108ಕ್ಕೆ ಫೋನ್ ಮಾಡಿದ್ರೆ ಗಾಡಿ ಬಾಗ್ಲಿಗೆ ಬರೋ ಜಾಗದಲ್ಲಿ.

ಮನೇಲಿ ತೋಳಿಗೆ ಕಟ್ಟೋ ಬಿಪಿ ಮೆಷಿನ್ ಒಂದು ಇಟ್ಕೊಳ್ಳಿ, ಮಣಿಕಟ್ಟಿಂದು ಬೇಡ. ಮೊದಲ ಸಲ ಆಶಾ ಕಾರ್ಯಕರ್ತೆ ಹತ್ರ ತಾಳೆ ನೋಡಿಸ್ಕೊಳ್ಳಿ. 20 ವಾರದ ತನಕ ವಾರಕ್ಕೆರಡು ಸಲ, ಆಮೇಲೆ ದಿನಾ, ಕೂತು ಐದು ನಿಮಿಷ ಸುಧಾರಿಸಿಕೊಂಡು ನೋಡಿ ಬರ್ದಿಡಿ. 140/90 ಬಂದ್ರೆ ಅವತ್ತೇ ಡಾಕ್ಟ್ರಿಗೆ ತೋರ್ಸಿ. 160/110 ಬಂದ್ರೆ ಹದಿನೈದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ, ಹಂಗೇ ಇದ್ರೆ ಹೊರಟುಬಿಡಿ, ಬೆಳಗಾಗ್ಲಿ ಅಂತ ಕಾಯ್ಬೇಡಿ. ಬಿಡದ ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ಬಲಗಡೆ ನೋವು, ಮಗು ಮಿಸುಕಾಟ ಕಮ್ಮಿ ಆದ್ರೂ ಹಂಗೇ. ಆ ಬಲಗಡೆ ನೋವನ್ನ ಗ್ಯಾಸ್ಟ್ರಿಕ್ ಅಂತ ಮಜ್ಜಿಗೆ ಕುಡ್ಸಿ ಮಲಗಿಸಿ, ಮಾರನೇ ದಿನ ಪ್ಲೇಟ್‌ಲೆಟ್ 40 ಸಾವಿರಕ್ಕೆ ಇಳಿದು ಬಂದವ್ರನ್ನ ನೋಡಿದೀನಿ. ನಮ್ಮ ಕಡೆ ಇದ್ರಲ್ಲಿ ಇನ್ನೊಂದು ಗೊಂದಲ, ಪ್ಲೇಟ್‌ಲೆಟ್ ಕಮ್ಮಿ, ಲಿವರ್ ಏರಿದೆ ಅಂದ ತಕ್ಷಣ ಮಳೆಗಾಲ ಆದ್ರೆ ಡೆಂಗ್ಯೂ, ಇಲಿಜ್ವರ ಅಂತಾರೆ, ಬೇಸಿಗೆ ಆದ್ರೆ ಮಂಗನ ಕಾಯಿಲೆ ಅಂತಾರೆ. ಇರಲೂಬಹುದು. ಆದ್ರೆ ಜ್ವರ ಇಲ್ದೇ ಬಿಪಿ ಜೊತೆ ಇವು ಬಂದ್ರೆ ಮೊದ್ಲು ಪ್ರಿಎಕ್ಲಾಂಪ್ಸಿಯಾನೇ ಯೋಚಿಸ್ಬೇಕು, ಡ್ಯೂಟೀಲಿರೋ ಡಾಕ್ಟ್ರಿಗೆ ‘ಹಿಂದಿನ ಸಲ 33 ವಾರಕ್ಕೆ ಆಗಿತ್ತು’ ಅಂತ ನೀವೇ ಮೊದಲ ಮಾತಲ್ಲೇ ಹೇಳಿ. ಬರೀ ಕಾಲು ಬಾವು ಇದ್ರೆ ಹೆದರಬೇಡಿ, ಮುಖ ಕೈ ಒಮ್ಮೆಲೇ ಊದಿದ್ರೆ ಬಿಪಿ ನೋಡಿ.

ಸ್ಕ್ಯಾನಿಂಗ್‌ನಲ್ಲಿ 11-14 ವಾರಕ್ಕೂ, 20 ವಾರದ ಮೇಲೂ ಗರ್ಭಕೋಶದ ರಕ್ತನಾಳದ ಡಾಪ್ಲರ್ (ರಕ್ತದ ಹರಿವು ನೋಡೋ ಸ್ಕ್ಯಾನ್) ನೋಡಿಸಿ, 28ರಿಂದ ಮಗು ಬೆಳವಣಿಗೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಲಿ ತಜ್ಞರು ಉಚಿತವಾಗಿ ನೋಡ್ತಾರೆ, ಬಿಡ್ಬೇಡಿ. ದೊಡ್ಡ ಲ್ಯಾಬ್‌ಗಳಲ್ಲಿ ಎಸ್‌ಎಫ್‌ಎಲ್‌ಟಿ-1 ಮತ್ತು ಪಿಎಲ್‌ಜಿಎಫ್ (ಅದು ಹಿಡ್ಕೊಳ್ಳೋ ಒಳ್ಳೇ ಪ್ರೋಟೀನ್‌ಗಳಲ್ಲಿ ಒಂದು) ಅನುಪಾತ ಅಂತ ಒಂದು ರಕ್ತ ಪರೀಕ್ಷೆ ಇದೆ, ಅನುಮಾನ ಬಂದಾಗ ಅದು 38 ಅಥವಾ ಕೆಳಗೆ ಇದ್ರೆ ಮುಂದಿನ ಒಂದು ವಾರ ಹೆಚ್ಚುಕಮ್ಮಿ ನಿಶ್ಚಿಂತೆ. ಈಗ್ಲೇ ಮಾಡಿಸಿ ಪ್ರಯೋಜನ ಇಲ್ಲ, ದುಬಾರಿನೂ ಹೌದು, 24 ವಾರದ ಮೇಲೆ ಬಿಪಿ ಆಡ್ತಿದೆ ಅನ್ಸಿದಾಗ ಮಾತ್ರ.

ಅಕಸ್ಮಾತ್ ಬಂದೇ ಬಂತು ಅಂದ್ರೆ, ಲಾಬೆಟಲಾಲ್ ಅಥವಾ ನಿಫೆಡಿಪಿನ್ ಕೊಟ್ಟು ಬಿಪಿ ಹತೋಟಿಗೆ ತರ್ತೀವಿ, ಆದ್ರೆ ಇವು ಕಾಯಿಲೆಯನ್ನ ನಿಲ್ಲಿಸಲ್ಲ, ಟೈಮ್ ಕೊಡ್ತವೆ. ಫಿಟ್ಸ್ ಬರದಂಗೆ ಮ್ಯಾಗ್ನೀಷಿಯಂ ಸಲ್ಫೇಟ್, ಇದು ಫಿಟ್ಸ್ ಅಪಾಯವನ್ನ ಅರ್ಧಕ್ಕಿಂತ ಜಾಸ್ತಿ ಕಮ್ಮಿ ಮಾಡ್ತದೆ ಅಂತ 2002ರ ಮ್ಯಾಗ್‌ಪೈ ಅಧ್ಯಯನದಲ್ಲಿ ಗೊತ್ತಾಯ್ತು, ಚುಚ್ಚಿದಾಗ ಮೈಯೆಲ್ಲಾ ಬೆಂಕಿ ಬಿದ್ದಂಗೆ ಆಗ್ತದೆ, ಹೋದ ಸಲ ನಿಮಗೆ ಕೊಟ್ಟಿದ್ರೆ ನೆನಪಿರ್ತದೆ. ಅವಧಿಗೆ ಮೊದಲು ಹೆರಿಗೆ ಆಗೋದಿದ್ರೆ ಮಗು ಶ್ವಾಸಕೋಶಕ್ಕೆ ಅಂತ ಎರಡು ದಿನ ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತೀವಿ, ಅದು ಬೇರೆ, ಕ್ಲಿನಿಕ್‌ನವ್ರು ಹೇಳಿದ ಮಾತ್ರೆ ಬೇರೆ, ಹೆಸರು ಒಂದೇ ಅಂತ ಇದನ್ನ ಬೇಡ ಅನ್ಬೇಡಿ. ಸೌಮ್ಯವಾಗಿದ್ರೆ 37 ವಾರ ತನಕ ಕಾಯ್ತೀವಿ. ತೀವ್ರ ಆದ್ರೆ 34 ಆದ ಮೇಲೆ ಕಾಯಲ್ಲ, ಅದಕ್ಕಿಂತ ಮೊದಲು ಆದ್ರೆ ದಿನದಿನ ತೂಗಿ ನೋಡ್ಬೇಕು. ಕಾದಷ್ಟೂ ಮಗೂಗೆ ಲಾಭ, ನಿಮಗೆ ಅಪಾಯ. ಈ ತೀರ್ಮಾನ ಮಾಡೋವಾಗ ಮನೆಯವ್ರು ಗಲಾಟೆ ಮಾಡದಿದ್ರೆ ಅರ್ಧ ಉಪಕಾರ.

ಹೆರಿಗೆ ಆದ್ಮೇಲೂ ಆರು ವಾರದ ತನಕ ಬಿಪಿ ಏರಬಹುದು, ಮೊದಲ ವಾರವಂತೂ ಹೆಚ್ಚು. ಬಾಣಂತಿಗೆ ತಲೆನೋವು ಬಂದು ಫಿಟ್ಸ್ ಆದ್ರೆ ನಮ್ಮಲ್ಲಿ ಇವತ್ತಿಗೂ ಬಾಣಂತಿ ಸನ್ನಿ ಅಂತಲೋ, ಚೌಡಿ ಕಾಟ ಅಂತಲೋ ತಡ ಮಾಡ್ತಾರೆ. ಹರಕೆ ಕಟ್ಕೊಳ್ಳಿ ಬೇಡ ಅನ್ನಲ್ಲ, ಆದ್ರೆ ಗಾಡಿ ಹತ್ಸಿದ ಮೇಲೆ ಕಟ್ಕೊಳ್ಳಿ. ಇದು ಬಂದವ್ರಿಗೆ ಮುಂದೆ ಬಿಪಿ, ಹೃದಯದ ಕಾಯಿಲೆ ಅಪಾಯ ಬೇರೆಯವ್ರಿಗಿಂತ ಹೆಚ್ಚು, ಹಂಗಾಗಿ ಬಾಣಂತನ ಮುಗಿದ ಮೇಲೂ ವರ್ಷಕ್ಕೊಂದು ಸಲ ಬಿಪಿ, ಶುಗರ್ ನೋಡಿಸಿ.

ಕೊನೇದು, ಬಿಳಿ ಕಣ 13,200. ಬಸಿರಲ್ಲಿ ನ್ಯೂಟ್ರೋಫಿಲ್ ಏರೋದ್ರಿಂದ 15-16 ಸಾವಿರದ ತನಕ ಮಾಮೂಲಿ, ಹೆರಿಗೆ ನೋವಲ್ಲಿ 25 ಸಾವಿರ ದಾಟೋದೂ ಉಂಟು. ಎನ್‌ಕೆ ಸೆಲ್‌ಗೂ ಪ್ರಿಎಕ್ಲಾಂಪ್ಸಿಯಾಗೂ ಇದು ಸೂಚನೆ ಅಲ್ಲ. ಜ್ವರ, ಉರಿಮೂತ್ರ ಇಲ್ಲ, ಯೂರಿನ್ ಟೆಸ್ಟ್‌ನಲ್ಲಿ ಇನ್ಫೆಕ್ಷನ್ ಇಲ್ಲ ಅಂದ್ರೆ ಇದಕ್ಕೆ ಆಂಟಿಬಯಾಟಿಕ್ ತಗೋಬೇಡಿ.